ಆರು ಗಂಟೆಯ ಅತಿಥಿ

ಹ್ಯಾಲಿಫ್ಯಾಕ್ಸ್
ಬುಧವಾರ, ಜನವರಿ 9, 1957

ಪ್ರೀತಿಯ ಎನಿಡ್,

ಸಂಜೆ ಏಳೂವರೆ. ಬೆಳಿಗ್ಗೆ ಹಿಮ ಬಿತ್ತು, ಮಧ್ಯಾಹ್ನದ ಹೊತ್ತಿಗೆ ಕರಗಿತು. ಕಲ್ಲಿದ್ದಲು ಬಂತು. ಲಿನೆಟ್‌ಳ ಒಂದು ಕೈಗವಸು ಕಳೆದುಹೋಗಿ ಮತ್ತೆ ಸಿಕ್ಕಿತು. ಈಗ ಅವಳು ಮಲಗಿದ್ದಾಳೆ.

ಮಗುವನ್ನು ಮಲಗಿಸುವುದು ನಿಮಗೆ ಕಷ್ಟವಾಗುತ್ತಿರಬೇಕು ಎಂದು ಪ್ರತಿ ಪತ್ರದಲ್ಲೂ ಬರೆಯುತ್ತೀ. ನೀನು ಆಸ್ಪತ್ರೆ ಸೇರಿ ಅವಳು ಇಲ್ಲಿಗೆ ಬಂದ ಮೊದಲ ವಾರ ಕಷ್ಟವಾಗಿತ್ತು. ಈಗ ಇಲ್ಲ. ಯಾಕೆಂದು ಹೇಳುತ್ತೇನೆ, ನಗಬೇಡ. ನಕ್ಕರೆ ನಿನಗೆ ಕೆಮ್ಮು ಬರುತ್ತದೆ.

ಸಂಜೆ ಆರಕ್ಕೆ ಮಕ್ಕಳ ಕಾರ್ಯಕ್ರಮ ಮುಗಿದು ಟೀವಿ ಕಪ್ಪಾಗುತ್ತದಲ್ಲ. ಏಳರವರೆಗೆ ಏನೂ ಇರುವುದಿಲ್ಲ. ತಾಯಂದಿರು ಮಕ್ಕಳನ್ನು ಮಲಗಿಸಲಿ ಎಂದು ಸರ್ಕಾರ ಬಿಟ್ಟುಕೊಟ್ಟ ಹೊತ್ತು ಅದು. ಒಂದು ದಿನ ಲಿನೆಟ್ ಕೇಳಿದಳು: "ತಾತ, ಅವರೆಲ್ಲಾ ಎಲ್ಲಿಗೆ ಹೋದ್ರು?"

"ಚಹಾಕ್ಕೆ ಹೋದ್ರು ಕಣೇ," ಎಂದೆ.

"ಯಾರ ಮನೇಗೆ?"

"ಯಾರು ಕರೀತಾರೋ ಅವರ ಮನೇಗೆ."

ಅಷ್ಟೇ ನಾನು ಹೇಳಿದ್ದು. ನಮ್ಮ ಕಡೆ ಚಹಾ ಎಂದರೆ ಮೊಟ್ಟೆ, ಬ್ರೆಡ್ಡು, ಆಲೂಗಡ್ಡೆ ಎಲ್ಲ ಸೇರಿದ ಸಂಜೆಯ ಊಟವೆಂದು ಮಗುವಿಗೂ ಗೊತ್ತು. ಕರೆಯುವವರಿಲ್ಲದಿದ್ದರೆ ಅವರು ಹಸಿದಿರುತ್ತಾರೆ ಎಂದು ಅವಳ ಲೆಕ್ಕ. ಮರುದಿನ ಟೀವಿಯ ಬಟ್ಟೆ ಬಿಗಿದ ಕಡೆ, ದನಿ ಬರುವಲ್ಲಿ, ಬಾಯಿ ಇಟ್ಟು "ನಮ್ಮನೇಗೆ ಬನ್ನಿ" ಎಂದು ಕರೆದಳು. ಮುಂದಿನ ಕಾರ್ಯಕ್ರಮ ಯಾವುದೆಂದು ಹೇಳುವ ಹೆಂಗಸಿದ್ದಾಳಲ್ಲ, ಮುತ್ತಿನ ಸರ ಹಾಕಿಕೊಂಡು ಕೂರುವವಳು, ಅವಳನ್ನು. ಆಮೇಲೆ ಮೇಜಿನ ಮೇಲೆ ಮೂರನೆಯ ತಟ್ಟೆ ಇಟ್ಟಳು.

ಬಂದವರು ಕಾಣುವುದಿಲ್ಲವಲ್ಲ ಎಂದು ಅವಳು ಕೇಳುವ ಮೊದಲೇ ನಾನೇ ಹೇಳಿದೆ: "ಅವರಿಗೆ ನಾಚಿಕೆ ಜಾಸ್ತಿ. ದಿನವಿಡೀ ಜನ ನೋಡ್ತಾನೇ ಇರ್ತಾರಲ್ಲ. ತಿನ್ನೋವಾಗಲಾದ್ರೂ ಯಾರೂ ನೋಡಬಾರದು."

ಅಂದಿನಿಂದ ಆರೂವರೆಗೆ ತಾನೇ ಎದ್ದು ಮೇಲೆ ಹೋಗಿ ಮುಖ ತೊಳೆದು ಹಾಸಿಗೆ ಸೇರುತ್ತಾಳೆ, ಮುತ್ತಿನ ಸರದವರು ನೆಮ್ಮದಿಯಾಗಿ ತಿನ್ನಲಿ ಎಂದು. ಬೆಳಿಗ್ಗೆ ತಟ್ಟೆ ಖಾಲಿ ಇರಬೇಕು. ಹಾಗಾಗಿ ನನಗೆ ದಿನವೂ ಎರಡು ಊಟ. ಪ್ಯಾಂಟಿನ ಗುಂಡಿ ಹಾಕಲು ಆಗುತ್ತಿಲ್ಲ.

ಇನ್ನೊಂದು ವಿಷಯ. ನಿನ್ನ ನಾದಿನಿ ಮ್ಯೂರಿಯೆಲ್ ಸ್ಕಾರ್ಬರೋದಿಂದ ಬರೆದಿದ್ದಾಳೆ. ವಯಸ್ಸಾದ ಗಂಡಸೊಬ್ಬನ ಕೈಯಲ್ಲಿ ಹೆಣ್ಣುಮಗು ಬೆಳೆಯುವುದು ಸರಿಯಲ್ಲ, ತಾನೇ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾಳೆ. ನಿನ್ನ ಗಂಡ ಡೆರಿಕ್ ಹಡಗಿನಿಂದ "ಅಕ್ಕ ಬಂದು ನೋಡಿ ಹೇಳಿದಂತೆ ಆಗಲಿ" ಎಂದು ಬರೆದನಂತೆ. ಪೆಟ್ರೋಲಿಗೆ ಪಡಿತರ ಇರುವುದರಿಂದ ಅವಳ ಕಾರು ಹೊರಡುತ್ತಿಲ್ಲ. ಅಷ್ಟರ ಮಟ್ಟಿಗೆ, ಎಣ್ಣೆಯ ಹಡಗುಗಳು ಬರದಂತೆ ಮುಚ್ಚಿಹೋದ ಸೂಯೆಜ್ ಕಾಲುವೆಗೆ ನಾನು ಋಣಿ.

ನಿನ್ನ ಅಪ್ಪ


ಆಸ್ಪತ್ರೆ, ಎರಡನೆಯ ಜಗಲಿ
ಸೋಮವಾರ, ಜನವರಿ 14

ಅಪ್ಪಾ,

ನಕ್ಕೆ. ಕೆಮ್ಮು ಬಂತು. ನರ್ಸಮ್ಮ ಬಂದು ಪತ್ರ ಕಿತ್ತುಕೊಂಡು ತಾನೇ ಓದಿದರು. ಈಗ ಜಗಲಿಯ ಹನ್ನೆರಡು ಹಾಸಿಗೆಗಳವರೂ ಆರು ಗಂಟೆಯಾದರೆ ಸಾಕು, "ಇವತ್ತು ಮುತ್ತಿನ ಸರದವರಿಗೆ ಏನಂತೆ ಅಡಿಗೆ?" ಎಂದು ಕೇಳುತ್ತಾರೆ. ಈ ತೆರೆದ ಜಗಲಿಯಲ್ಲಿ ಕಂಬಳಿಯ ಮೇಲೆ ಹಿಮ ಬೀಳುತ್ತದೆ. ಕ್ಷಯಕ್ಕೆ ತಾಜಾ ಗಾಳಿ ಒಳ್ಳೆಯದಂತೆ. ಸೂಜಿಯೂ ಒಳ್ಳೆಯದಂತೆ.

ಮ್ಯೂರಿಯೆಲ್ ಕೆಟ್ಟವಳಲ್ಲ ಅಪ್ಪಾ. ಅದೇ ನನ್ನ ಭಯ. ಅವಳು ಲಿನೆಟ್‌ಳನ್ನು ಚೆನ್ನಾಗಿ ಬೆಳೆಸುತ್ತಾಳೆ. ಚಮಚ ಹಿಡಿಯುವುದು, ಬೆನ್ನು ನೆಟ್ಟಗೆ ಮಾಡಿ ಕೂರುವುದು, ಸ್ಕಾರ್ಬರೋದ ದೊಡ್ಡವರ ಹಾಗೆ ಮಾತಾಡುವುದು ಎಲ್ಲ ಕಲಿಸುತ್ತಾಳೆ. ನಾನು ಇಲ್ಲಿಂದ ಹೊರಗೆ ಬರುವಷ್ಟರಲ್ಲಿ ಅವಳು ನನ್ನ ಮಗಳಾಗಿ ಉಳಿದಿರುವುದಿಲ್ಲ. ಮಕ್ಕಳನ್ನು ಇಲ್ಲಿ ಒಳಗೆ ಬಿಡುವುದಿಲ್ಲ. ನಿಮ್ಮ ಬಳಿ ಇದ್ದರೆ ದಿನಕ್ಕೊಂದು ಸಲವಾದರೂ ನನ್ನ ಹೆಸರು ಅವಳ ಕಿವಿಗೆ ಬೀಳುತ್ತದೆ. ಹೇಗಾದರೂ ನಿಮ್ಮ ಬಳಿಯೇ ಇಟ್ಟುಕೊಳ್ಳಿ.

ಅಪ್ಪಾ, ಆ ಮೂರನೆಯ ತಟ್ಟೆ ಯಾವ ಕುರ್ಚಿಯ ಮುಂದೆ?

ನಿಮ್ಮ ಎನಿಡ್


ಹ್ಯಾಲಿಫ್ಯಾಕ್ಸ್
ಮಂಗಳವಾರ, ಫೆಬ್ರವರಿ 5

ಪ್ರೀತಿಯ ಎನಿಡ್,

ಸಂಜೆ ಏಳೂಕಾಲು. ದಿನವಿಡೀ ಮಂಜು. ಮೀನಿನಂಗಡಿಗೆ ಹೋಗಿ ಬಂದೆವು. ಕೆಟ್ಟ ಸುದ್ದಿ ಅಲ್ಲೇ ಸಿಕ್ಕಿತು, ಮೀನು ಸುತ್ತಿಕೊಟ್ಟ ಪತ್ರಿಕೆಯಲ್ಲಿ.

ಹದಿನಾರನೆಯ ತಾರೀಖಿನಿಂದ ಆ ಒಂದು ಗಂಟೆಯ ಬಿಡುವು ಇರುವುದಿಲ್ಲ. ಆರಕ್ಕೂ ಟೀವಿ ನಡೆಯುತ್ತದೆ. ಮಕ್ಕಳನ್ನು ಯಾವಾಗ ಮಲಗಿಸಬೇಕೆಂದು ತೀರ್ಮಾನಿಸುವುದು ತಂದೆತಾಯಿಗಳ ಕೆಲಸ, ಸರ್ಕಾರದ್ದಲ್ಲ ಎಂದು ಮಂತ್ರಿಗಳು ಹೇಳಿದ್ದಾರೆ.

ಪಕ್ಕದ ಮನೆಯ ಕ್ಲಿಫ್ ಓಲ್ಡ್‌ರಾಯ್ಡ್ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದ. "ಆ ಮಂತ್ರಿ ಮನೇಲಿ ಆಯಾ ಇರ್ತಾಳೆ ಕಣಯ್ಯಾ ಆರ್ನಲ್ಡ್. ಅದಕ್ಕೇ ಈ ಬುದ್ಧಿ," ಎಂದ.

ಅವನ ಹೆಂಡತಿ, "ಇನ್ನು ನಮ್ಮ ಹುಡುಗ್ರು ಮದುವೆ ಆಗೋವರೆಗೂ ಮಲಗಲ್ಲ, ಬರೆದಿಟ್ಕೊಳ್ಳಿ," ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ದಾರಿಯುದ್ದಕ್ಕೂ ಲಿನೆಟ್ ಮೀನಿಗೂ ನಾಚಿಕೆಯಾಗುತ್ತದೆಯೇ ಎಂದು ಕೇಳುತ್ತಿದ್ದಳು. ಪಡಿತರ ಮುಗಿಯುವವರೆಗೆ ಕಾಯುವುದಿಲ್ಲ, ಮಾರ್ಚಿನಲ್ಲಿ ರೈಲಿನಲ್ಲೇ ಬರುತ್ತೇನೆ ಎಂದು ಮ್ಯೂರಿಯೆಲ್ ಬರೆದಿದ್ದಾಳೆ. ಮಗು ಏಳಕ್ಕೆ ಮಲಗುತ್ತದೆಯೇ ಎನ್ನುವುದನ್ನು ಮುಖ್ಯವಾಗಿ ನೋಡುತ್ತಾಳಂತೆ.

ನಿನ್ನ ಅಪ್ಪ


ಹ್ಯಾಲಿಫ್ಯಾಕ್ಸ್
ಭಾನುವಾರ, ಫೆಬ್ರವರಿ 17

ಪ್ರೀತಿಯ ಎನಿಡ್,

ಸಂಜೆ ಏಳು. ಬೆಳಿಗ್ಗೆ ಚರ್ಚು, ಆಮೇಲೆ ನಿನ್ನ ಅಮ್ಮನ ಸಮಾಧಿಗೆ ಹೋಗಿ ಹುಲ್ಲು ತೆಗೆದು ಬಂದೆವು. ಹಿಮದಲ್ಲೇ ಅರಳುವ ಬಿಳಿ ಹೂಗಳು ಎದ್ದಿವೆ.

ನಿನ್ನೆಯದನ್ನು ಹೇಳಬೇಕು. ಆರಕ್ಕೆ ಲಿನೆಟ್ ಎಂದಿನಂತೆ ತಟ್ಟೆ ಇಟ್ಟಳು. ಬೇಯಿಸಿದ ಮೊಟ್ಟೆ, ಬೀಟ್‌ರೂಟು. ಮುತ್ತಿನ ಸರದವರು ಪರದೆಯ ಮೇಲೆ ಬಂದರು. ಹೋಗಲೇ ಇಲ್ಲ. ಇನ್ನೇನೋ ಇದೆ ನೋಡಿ ಎಂದರು. ಹುಡುಗ ಹುಡುಗಿಯರು ಕುಣಿಯತೊಡಗಿದರು.

"ತಾತ, ಅವರು ಹೊರಡಲೇ ಇಲ್ಲ."

"ಇವತ್ತು ಕೆಲಸ ಜಾಸ್ತಿ ಅಂತ ಕಾಣುತ್ತೆ."

"ಮತ್ತೆ ಊಟ?"

"ಆಮೇಲೆ ಮಾಡ್ತಾರೆ. ನೀನು ಮೇಲೆ ಹೋಗಮ್ಮ."

"ಆಮೇಲೆ ಅಂದ್ರೆ ಮೊಟ್ಟೆ ತಣ್ಣಗಾಗುತ್ತಲ್ಲ!"

ಅವಳಿಗೆ ಆ ಕುಣಿತದ ಮೇಲೆ ಆಸೆಯಿರಲಿಲ್ಲ ಎನಿಡ್. ಪರದೆಯ ಕಡೆಗೆ ನೋಡುತ್ತಲೂ ಇರಲಿಲ್ಲ. ತಟ್ಟೆಯನ್ನೇ ನೋಡುತ್ತಿದ್ದಳು. ಊಟಕ್ಕೆ ಕರೆದವರು ಬರುವ ಮೊದಲೇ ಮಲಗುವುದು ಹೇಗೆ? ಏಳಾಯಿತು, ಎಂಟಾಯಿತು. ಅವಳು ಎದುರಿಗೇ ಕೂತಿದ್ದರಿಂದ ನಾನು ಆ ಮೊಟ್ಟೆ ತಿನ್ನುವಂತೆಯೂ ಇರಲಿಲ್ಲ. ಕೊನೆಗೆ ಕುರ್ಚಿಯಲ್ಲೇ ನಿದ್ದೆ ಹೋದಳು. ಎತ್ತಿಕೊಂಡು ಹೋಗಿ ಮಲಗಿಸಿದೆ. ಮ್ಯೂರಿಯೆಲ್ ಬಂದ ದಿನವೂ ಹೀಗೇ ಆದರೆ ಎಂಬ ಯೋಚನೆಯಲ್ಲಿ ನನಗೆ ನಿದ್ದೆ ಬರಲಿಲ್ಲ.

ಇವತ್ತು ಮಾತ್ರ ಎಲ್ಲ ಸರಿಹೋಯಿತು. ಭಾನುವಾರ ಸಂಜೆ ಚರ್ಚಿನ ಹೊತ್ತಿಗೆ ಟೀವಿ ಈಗಲೂ ಹಿಂದಿನಂತೆ ನಿಲ್ಲುತ್ತದೆ. ಇನ್ನು ಭಾನುವಾರ ಮಾತ್ರ ಹೀಗೆ ಎಂದೆ. ಲಿನೆಟ್‌ಗೆ ಹಿಡಿಸಲಾರದಷ್ಟು ಸಂತೋಷ. "ಪಾಪ, ವಾರಕ್ಕೊಂದೇ ಊಟ. ಜಾಸ್ತಿ ಬಡಿಸಿ ತಾತ," ಎಂದಳು. ನಾಲ್ಕು ಆಲೂಗಡ್ಡೆ ಬಡಿಸಿದೆ. ನಾಲ್ಕನ್ನೂ ತಿಂದೆ.

ಯಾವ ಕುರ್ಚಿ ಎಂದು ನೀನು ಕೇಳಿದ್ದೆ. ಹೌದು, ಅದೇ, ನಿನ್ನ ಅಮ್ಮನದು. ಅವಳು ಹೋದ ಆಗಸ್ಟಿನಿಂದ ಅದನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೆ. ಲಿನೆಟ್ ಎಳೆದು ತಂದು ಮೇಜಿಗೆ ಹಾಕಿದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ತಟ್ಟೆ ಇರುವುದು ಅಲ್ಲಿ, ಆದ್ದರಿಂದ ನಾನೂ ಅಲ್ಲೇ ಕೂತು ತಿನ್ನುತ್ತೇನೆ. ಅಲ್ಲಿ ಕೂತರೆ ಕಿಟಕಿಯಲ್ಲಿ ಗುಡ್ಡದ ತುದಿ ಕಾಣುತ್ತದೆ. ನಾನು ಯಾವಾಗಲೂ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ಅಲ್ಲಿಂದ ಗುಡ್ಡ ಕಾಣುತ್ತದೆ ಎಂದು ನನ್ನ ಹಿಲ್ಡಾ ಒಂದು ದಿನವೂ ಹೇಳಲಿಲ್ಲ.

ನಿನ್ನ ಅಪ್ಪ


ಆಸ್ಪತ್ರೆ
ಗುರುವಾರ, ಫೆಬ್ರವರಿ 21

ಅಪ್ಪಾ,

ಗುಡ್ಡದ ವಿಷಯ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅಮ್ಮನ ತೊಡೆಯ ಮೇಲೆ ಕೂತು ನೋಡುತ್ತಿದ್ದೆ. ನಿಮಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ.

ಜಗಲಿಯವರಿಂದ ಸಲಹೆಗಳು. ಮೂರನೆಯ ಹಾಸಿಗೆಯವರು: "ಅವರು ಐದಕ್ಕೇ ಊಟ ಮಾಡಿಬಿಡ್ತಾರೆ ಅನ್ನಿ." ಏಳನೆಯ ಹಾಸಿಗೆಯವರು: "ನಿಜ ಹೇಳಿಬಿಡಿ." ಏಳನೆಯವರ ಜೊತೆ ಈಗ ಯಾರೂ ಮಾತಾಡುತ್ತಿಲ್ಲ.

ನನ್ನ ತೂಕ ಸ್ವಲ್ಪ ಏರಿದೆ. ನಿಮ್ಮಷ್ಟಲ್ಲ.

ನಿಮ್ಮ ಎನಿಡ್


ಹ್ಯಾಲಿಫ್ಯಾಕ್ಸ್
ಶುಕ್ರವಾರ, ಮಾರ್ಚ್ 15

ಪ್ರೀತಿಯ ಎನಿಡ್,

ಸಂಜೆ ಏಳು ಹತ್ತು. ಜೋರು ಗಾಳಿ. ಬಟ್ಟೆ ಒಣಗಿತು, ಒಂದು ಕಾಲುಚೀಲ ಹಾರಿ ಓಲ್ಡ್‌ರಾಯ್ಡರ ಅಂಗಳಕ್ಕೆ ಬಿತ್ತು. ಲಿನೆಟ್ ಮಲಗಿದ್ದಾಳೆ. ಹೌದು, ಏಳಕ್ಕೇ.

ಐದಕ್ಕೇ ಊಟವಾಗಿದೆ ಎಂದು ಹೇಳಿ ನೋಡಿದ್ದೆ. "ಐದಕ್ಕೆ ಮಕ್ಕಳ ಕಾರ್ಯಕ್ರಮ ಇತ್ತಲ್ಲ, ಅಲ್ಲೇ ಇದ್ರು. ನಾನು ನೋಡಿದೀನಿ," ಎಂದಳು. ಮೂರು ವಾರ ದಿನವೂ ಇದೇ ಗೋಳು, ಭಾನುವಾರ ಬಿಟ್ಟು. ಮೊನ್ನೆ ಮಂಗಳವಾರ ಕೇಳಿದಳು: "ತಾತ, ಅವರನ್ನ ಬಿಡದೆ ಕೂರಿಸಿಕೊಂಡಿರೋದು ಯಾರು?"

"ನೋಡೋ ಜನ," ಎಂದೆ. ಸುಮ್ಮನೆ ಬಾಯಿಗೆ ಬಂದದ್ದು.

"ಹಾಗಾದ್ರೆ ನಾವೇ," ಎಂದಳು. ಎದ್ದು ಹೋಗಿ ಗುಂಡಿ ತಿರುಗಿಸಿದಳು. ಚಿತ್ರ ಕುಗ್ಗಿ ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಉಳಿಯುತ್ತದಲ್ಲ, ಅದು ಸಣ್ಣದಾಗುತ್ತ ಹೋಗುವುದನ್ನು ನೋಡುತ್ತ ನಿಂತಳು. "ಅಗೋ, ಹೊರಟ್ರು," ಎಂದಳು. ಆಮೇಲೆ ತಟ್ಟೆ, ಊಟ, ಮುಖ ತೊಳೆಯುವುದು, ಹಾಸಿಗೆ. ನಾನು ಮೆಟ್ಟಿಲ ಕೆಳಗೆ ನಿಂತೇ ಇದ್ದೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಿನ್ನೆ ಆರಕ್ಕೆ ಸರಿಯಾಗಿ ಓಲ್ಡ್‌ರಾಯ್ಡರ ಮನೆಗೆ ನುಗ್ಗಿ ಅವರ ಟೀವಿಯನ್ನೂ ಆರಿಸಿದ್ದಾಳೆ. ಕ್ಲಿಫ್ ಕಾಲು ಚಾಚಿ ನೋಡುತ್ತಿದ್ದ.

"ಏ ಪುಟ್ಟಿ, ಇದ್ಯಾಕಮ್ಮಾ?"

"ನಿಮ್ಮದು ಊಟ ಆಯ್ತಾ?"

"ಆಯ್ತು."

"ಅವರದ್ದು ಆಗಿಲ್ಲ."

ಕ್ಲಿಫ್ ಬಸ್ಸಿನ ಕಂಡಕ್ಟರು. ಮೂವತ್ತು ಜನರ ಜೊತೆ ಒಟ್ಟಿಗೆ ಜಗಳ ಆಡಬಲ್ಲ. ಇದಕ್ಕೆ ಮಾತ್ರ ಕಾಲು ಮಡಚಿ ಎದ್ದು ಕೂತನಂತೆ. ಅವನ ಹೆಂಡತಿ ಬೇಲಿಯ ಮೇಲಿಂದ ನನಗೆ ಹೇಳಿದಳು: "ಒಂದು ತಿಂಗಳಾದ ಮೇಲೆ ನಿನ್ನೆ ಗಂಡನ ಮುಖ ನೋಡಿದೆ. ಹಾಗೇ ಇದೆ, ಏನೂ ಸುಧಾರಿಸಿಲ್ಲ. ಹುಡುಗ್ರು ಮಾತ್ರ ಏಳಕ್ಕೇ ಮಲಗಿದ್ರು. ನಾಳೆಯೂ ಕಳಿಸಿ ಅವಳನ್ನ."

ಮ್ಯೂರಿಯೆಲ್ ನಾಳೆ ಮಧ್ಯಾಹ್ನದ ರೈಲಿಗೆ ಬರುತ್ತಾಳೆ. ಪರದೆಗಳನ್ನು ಒಗೆದಿದ್ದೇನೆ. ಹೆದರಿಕೆಯಿದೆ.

ನಿನ್ನ ಅಪ್ಪ


ಹ್ಯಾಲಿಫ್ಯಾಕ್ಸ್
ಸೋಮವಾರ, ಮಾರ್ಚ್ 18

ಪ್ರೀತಿಯ ಎನಿಡ್,

ಮಧ್ಯಾಹ್ನ ಎರಡು ಗಂಟೆ. ಮ್ಯೂರಿಯೆಲ್‌ಳನ್ನು ರೈಲು ಹತ್ತಿಸಿ ಈಗಷ್ಟೇ ಬಂದೆ. ಲಿನೆಟ್ ನನ್ನ ಕಾಲಬಳಿ ಕೂತು ನನ್ನ ಹಳೆಯ ಮಗ್ಗದ ಲಾಳಿಯನ್ನು ರೈಲು ಮಾಡಿ ಓಡಿಸುತ್ತಿದ್ದಾಳೆ. ಇದರಿಂದಲೇ ನಿನಗೆ ಗೊತ್ತಾಗಿರಬೇಕು. ಆದರೂ ಮೊದಲಿನಿಂದ ಹೇಳುತ್ತೇನೆ.

ಶನಿವಾರ ಮ್ಯೂರಿಯೆಲ್ ಟೋಪಿ ತೆಗೆಯದೆಯೇ ಮನೆಯೆಲ್ಲ ನೋಡಿದಳು. ಪಾತ್ರೆಗಳನ್ನು ನೋಡಿದಳು, ಲಿನೆಟ್‌ಳ ಕಿವಿಯ ಹಿಂದೆ ನೋಡಿದಳು. ಸಂಜೆ ಟೀವಿಯ ಮುಂದೆ ಕೂತಳು. ಹುಡುಗರು ಕುಣಿಯುವ ಆ ಕಾರ್ಯಕ್ರಮ ಶುರುವಾಯಿತು. "ಇದೆಲ್ಲ ಕಾಡುಜನರ ಕುಣಿತ," ಎಂದಳು. ಅವಳ ಬೂಟು ಮಾತ್ರ ತಾಳ ಹಾಕುತ್ತಿತ್ತು. ಅಷ್ಟರಲ್ಲಿ ಲಿನೆಟ್ ಬಂದು ಆರಿಸಿಬಿಟ್ಟಳು.

"ಇದೇನಿದು ಮರ್ಯಾದೆ?" ಎಂದಳು ಮ್ಯೂರಿಯೆಲ್.

"ಅವರಿಗೆ ಚಹಾದ ಹೊತ್ತು ಅತ್ತೆ."

ಮ್ಯೂರಿಯೆಲ್ ನನ್ನ ಮುಖ ನೋಡಿದಳು. ನಾನು ಬ್ರೆಡ್ಡು ಕೊಯ್ಯುತ್ತಿದ್ದೆ. ಅವಳು ಬಂದು ಹಿಲ್ಡಾಳ ಕುರ್ಚಿ ಎಳೆದಳು. "ಅದರಲ್ಲಿ ಬೇಡ ಅತ್ತೆ, ಅದು ಮುತ್ತಿನ ಸರದವರದ್ದು," ಎಂದಳು ಲಿನೆಟ್. ನಮ್ಮಲ್ಲಿ ಇರುವುದೇ ಮೂರು ಕುರ್ಚಿ. ಸ್ಕಾರ್ಬರೋದ ಮ್ಯೂರಿಯೆಲ್ ಹೊಲಿಗೆಯಂತ್ರದ ಸ್ಟೂಲಿನ ಮೇಲೆ ಕೂತು, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಹಂದಿಮಾಂಸದ ಕಡುಬು ತಿಂದಳು. ಮುಗಿಯಿತು ಎಂದುಕೊಂಡೆ.

ಆರೂವರೆಗೆ ಲಿನೆಟ್ ಎದ್ದಳು. ಮ್ಯೂರಿಯೆಲ್ ಅವಳ ಜೊತೆ ಮೇಲೆ ಹೋದಳು. ಕಥೆ ಹೇಳುವ ದನಿ ಕೇಳುತ್ತಿತ್ತು. ಸರಿ, ಈಗ ಬರುವುದಿಲ್ಲ ಎಂದು ನಾನು ಅತಿಥಿಯ ತಟ್ಟೆಗೆ ಕೂತೆ. ಅರ್ಧ ಕಡುಬು ಬಾಯಲ್ಲಿದ್ದಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ಓಹೋ," ಎಂದಳು. "ಮುತ್ತಿನ ಸರ ಎಲ್ಲಿ ಬಿಟ್ಟಿದ್ದೀರಿ?"

ನನಗೆ ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಹೇಗೋ ನುಂಗಿ ಎಲ್ಲವನ್ನೂ ಹೇಳಿದೆ. ಕುರ್ಚಿಯ ವಿಷಯವನ್ನೂ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಅವಳು ಟೋಪಿಯ ಸೂಜಿಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳುತ್ತಿದ್ದಳು. "ನಾನು ಒಬ್ಬಳೇ ಇರೋದಲ್ಲವಾ. ನಿಂತುಕೊಂಡೇ ತಿಂತೀನಿ, ಒಲೆ ಹತ್ತಿರ," ಎಂದಳು. ಆಮೇಲೆ ಪಾತ್ರೆ ತೊಳೆದಳು.

ನಿನ್ನೆ ಭಾನುವಾರ. ತಟ್ಟೆ ಇಡುವಾಗ ಮ್ಯೂರಿಯೆಲ್ ಬಟ್ಟಲು ಹಿಡಿದು ಲಿನೆಟ್‌ಳನ್ನು ಗಂಭೀರವಾಗಿ ಕೇಳಿದಳು: "ಅವರಿಗೆ ಸಕ್ಕರೆ ಎಷ್ಟು ಚಮಚ?"

"ಎರಡು. ಬ್ರೆಡ್ಡಿನ ಅಂಚು ಅವರಿಗೆ ಸೇರಲ್ಲ ಅತ್ತೆ. ತಾತನ ಹಾಗೇ."

"ಹಾಗೋ! ತಾತನ ಹಾಗೇನಾ?" ಎಂದು ನನ್ನ ಕಡೆ ನೋಡಿದಳು. ನಾನು ಗುಡ್ಡ ನೋಡುತ್ತಿದ್ದೆ.

ಮಗು ಮಲಗಿದ ಮೇಲೆ ಆ ತಟ್ಟೆಗೆ ಮ್ಯೂರಿಯೆಲ್ಲೇ ಕೂತಳು. "ಇವತ್ತು ನನ್ನ ಸರದಿ. ನಿಮಗೆ ಹೊಟ್ಟೆ ಬಂದಿದೆ," ಎಂದಳು. ಅಂಚು ಬಿಟ್ಟು ತಿಂದಳು. ಬಾಯಿ ಒರೆಸಿಕೊಂಡು ಎದ್ದು ಹೇಳಿದಳು: "ಕರೆದುಕೊಂಡು ಹೋಗೋಣ ಅಂತಲೇ ಬಂದಿದ್ದೆ. ಅವಳ ಬಟ್ಟೆಗೆ ಅಂತ ಪೆಟ್ಟಿಗೇಲಿ ಜಾಗಾನೂ ಬಿಟ್ಟಿದ್ದೆ. ನನ್ನ ಮನೇಲಿ ಟೀವಿ ಇಲ್ಲ. ಅಲ್ಲಿ ಅವಳು ಯಾರಿಗೆ ಬಡಿಸಬೇಕು?"

ಡೆರಿಕ್‌ಗೆ ತಾನೇ ಬರೆಯುತ್ತಾಳಂತೆ. ಲಿನೆಟ್ ಇಲ್ಲೇ ಇರುತ್ತಾಳೆ, ನೀನು ಬರುವವರೆಗೆ.

ನಿನ್ನ ಅಪ್ಪ


ಸ್ಕಾರ್ಬರೋ
ಬುಧವಾರ, ಏಪ್ರಿಲ್ 3

ಎನಿಡ್,

ನಿನ್ನ ಆರೋಗ್ಯ ಸುಧಾರಿಸುತ್ತಿದೆಯೆಂದು ತಿಳಿದು ಸಂತೋಷ. ಮಗು ನಿನ್ನ ತಂದೆಯ ಬಳಿ ಕ್ಷೇಮವಾಗಿದೆ. ಅಲ್ಲಿ ಒಂದು ಕುರ್ಚಿ ಕಡಿಮೆಯಿದೆ, ಅದನ್ನು ಬಿಟ್ಟರೆ ದೂರುವಂಥದ್ದೇನೂ ಇಲ್ಲ.

ನಾನು ಟೀವಿ ತರಿಸಿದ್ದೇನೆ. ಸುದ್ದಿಗಾಗಿ ಮಾತ್ರ. ಸೋಮವಾರ ಒಂದು ಗಂಭೀರ ಕಾರ್ಯಕ್ರಮದಲ್ಲಿ ಸ್ವಿಟ್ಜರ್ಲೆಂಡಿನ ಹೆಂಗಸರು ಮರಗಳಿಂದ ಶಾವಿಗೆಯಂಥ ಸ್ಪಗೆಟ್ಟಿ ಕಿತ್ತು ಬಿಸಿಲಿಗೆ ಒಣಹಾಕುವುದನ್ನು ತೋರಿಸಿದರು. ನಮ್ಮ ಸಮುದ್ರದ ಗಾಳಿಗೆ ಆ ಗಿಡ ನಿಲ್ಲುತ್ತದೆಯೇ ಎಂದು ಮರುದಿನ ಬೆಳಿಗ್ಗೆ ತೋಟದ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿದೆ. ನಿನ್ನೆಯ ತಾರೀಖು ಯಾವುದಿತ್ತು ಎಂದು ಅಂಗಡಿಯವನು ಕೇಳಿದ. ಏಪ್ರಿಲ್ ಒಂದು ಎಂದೆ. ಹೇಳಿದ ಮೇಲೆ ಹೊಳೆಯಿತು. ಅಲ್ಲಿ ಇನ್ನೂ ನಾಲ್ಕು ಜನ ಇದ್ದರು.

ಇದನ್ನು ನಿನ್ನ ತಂದೆಗೆ ಹೇಳತಕ್ಕದ್ದಲ್ಲ.

ಮ್ಯೂರಿಯೆಲ್


ಆಸ್ಪತ್ರೆ
ಸೋಮವಾರ, ಮೇ 20

ಅಪ್ಪಾ,

ಮೂರನೆಯ ಕಫದ ಪರೀಕ್ಷೆಯೂ ಶುದ್ಧ. ದೊಡ್ಡ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, "ಮನೆಗೆ ಹೋಗಿ, ಇಲ್ಲಿ ಹಾಸಿಗೆ ಬೇಕಾಗಿದೆ," ಎಂದರು. ಇಷ್ಟು ಒಳ್ಳೆಯ ಮಾತನ್ನು ಯಾರೂ ನನಗೆ ಆಡಿರಲಿಲ್ಲ. ಜೂನ್ ಒಂದನೆಯ ತಾರೀಖು ಬರುತ್ತೇನೆ. ಜಗಲಿಯವರೆಲ್ಲ ಸೇರಿ ಮುತ್ತಿನ ಸರದವರಿಗೆ ಒಂದು ಕರವಸ್ತ್ರ ಹೆಣೆದುಕೊಟ್ಟಿದ್ದಾರೆ. ಏಳನೆಯ ಹಾಸಿಗೆಯವರೂ ಅಂಚು ಹಾಕಿದರು.

ಅಪ್ಪಾ, ನಿಜ ಹೇಳಿ. ಅವಳಿಗೆ ನನ್ನ ಮುಖ ನೆನಪಿದೆಯೇ?

ನಿಮ್ಮ ಎನಿಡ್

(ಸ್ಪಗೆಟ್ಟಿ ಗಿಡದ ಸಸಿ ಸಿಕ್ಕಿತೇ ಎಂದು ಮ್ಯೂರಿಯೆಲ್‌ಳನ್ನು ಕೇಳಿ. ನಾನು ಹೇಳಿದೆನೆಂದು ಹೇಳಬೇಡಿ.)


ಹ್ಯಾಲಿಫ್ಯಾಕ್ಸ್
ಶುಕ್ರವಾರ, ಮೇ 31

ಪ್ರೀತಿಯ ಎನಿಡ್,

ಸಂಜೆ ಏಳು. ಇನ್ನೂ ಬಿಸಿಲಿದೆ. ಬೆಳಿಗ್ಗೆ ನಿನ್ನ ಕೋಣೆಯ ಕಿಟಕಿ ತೆಗೆದು ಹಾಸಿಗೆಗೆ ಗಾಳಿ ಆಡಿಸಿದೆವು. ಮಧ್ಯಾಹ್ನ ಕೇಕು ಬೇಯಿಸಿದೆ, ನಡುವೆ ಕುಸಿಯಿತು. ಲಿನೆಟ್ ಆ ಗುಂಡಿಗೆ ಜಾಮು ತುಂಬಿದಳು. ಇದು ನಿನ್ನ ಕೈ ಸೇರುವ ಮೊದಲೇ ನೀನು ಇಲ್ಲಿಗೆ ಬಂದಿರುತ್ತೀ. ಆದರೂ ಈ ಹೊತ್ತಿಗೆ ಬರೆಯುವುದು ರೂಢಿಯಾಗಿದೆ.

ನೀನು ಕೇಳಿದ್ದಕ್ಕೆ ಉತ್ತರ. ಸ್ವಲ್ಪ ಮರೆತಿದ್ದಾಳೆ. ಸುಳ್ಳು ಹೇಳಲಾರೆ. ಕೂದಲು ಯಾವ ಬಣ್ಣ ಎಂದರೆ ಒಂದು ದಿನ ಕಪ್ಪು ಅನ್ನುತ್ತಾಳೆ, ಇನ್ನೊಂದು ದಿನ ಕಂದು. ನೀನು ನಕ್ಕರೆ ಕೆಮ್ಮುತ್ತಿದ್ದದ್ದು ಮಾತ್ರ ನೆನಪಿದೆ. "ಈಗ ನಗಿಸಬಹುದಾ ತಾತ?" ಎಂದು ಕೇಳಿದಳು. ಬೇಕಾದಷ್ಟು ನಗಿಸು ಎಂದೆ. ಆಗಿನಿಂದ ಕನ್ನಡಿಯ ಮುಂದೆ ನಿಂತು ಮುಖ ಸೊಟ್ಟ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ.

ಇವತ್ತು ಟೀವಿ ಆರಿಸಿದ ಮೇಲೆ ನಾನೇ ಕೇಳಿದೆ: "ನಾಳೆ ಅಮ್ಮ ಬರ್ತಾಳೆ. ಮುತ್ತಿನ ಸರದವರಿಗೆ ಬರಬೇಡಿ ಅಂತ ಹೇಳೋಣವಾ?" ಕುರ್ಚಿ ಬೇಕಲ್ಲ ಎಂದು ಕೇಳಿದ್ದು.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ನಮ್ಮಮ್ಮ ಬಂದ್ರೆ ಬೇರೆಯವರು ಉಪವಾಸ ಇರಬೇಕಾ ತಾತ? ಪಕ್ಕಪಕ್ಕ ಕೂರಲಿ. ಮಾತಾಡ್ಕೋತಾರೆ."

ಆಗಲಿ ಎಂದೆ. ನಾಳೆ ನಾಲ್ಕು ತಟ್ಟೆ. ಬೆಳಿಗ್ಗೆ ಓಲ್ಡ್‌ರಾಯ್ಡರ ಮನೆಯಿಂದ ಒಂದು ಕುರ್ಚಿ ತರಬೇಕು.

ನಿನ್ನ ಅಪ್ಪ